ಹಸಿರು ದೀಪ ಯಾರ ನಡಿಗೆಗೆ?

‘ಊರಿನ ವಯಸ್ಸಾದವರ ಬದುಕು ಸುಧಾರಿಸಬೇಕು ಅಂತ ಎಲ್ಲೆಲ್ಲೋ ಸಂಶೋಧನೆ ಮಾಡುತ್ತಾರೆ. ನನಗೋ ಎದುರಿನ ಮೆಡಿಕಲ್ ಸ್ಟೋರಿಗೆ ಹೋಗಲು ಮಗ ಬರುವ ತನಕ ಕಾಯಬೇಕು, ರಸ್ತೆ ದಾಟಲು ಭಯ. ಇದರಿಂದೆಲ್ಲ ಆಗಿದ್ದಾದರೂ ಏನು?’
– ನಿವೃತ್ತ ಮೇಷ್ಟರೊಬ್ಬರು, ಮೈಸೂರು

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಹೇಳಿದ ರಸ್ತೆ ದಾಟುವ ಕಷ್ಟವನ್ನೇ ಅಳೆದು ನೋಡಿದವರಿದ್ದಾರೆ.

ಇಂಗ್ಲೆಂಡಿನ ಸಿಗ್ನಲ್‌ಗಳಲ್ಲಿ ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಲೆಕ್ಕ ಹಿಡಿಯುತ್ತಿದ್ದರು. 65 ದಾಟಿದವರ ನಡಿಗೆ ಅಳೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಗಂಡಸರ ಸರಾಸರಿ 0.9 ಮೀಟರ್, ಹೆಂಗಸರದು 0.8. ಈಗ ನೀವೇ ಲೆಕ್ಕ ಹಾಕಿ. 15 ಮೀಟರ್ ಅಗಲದ ರಸ್ತೆಗೆ ಸಿಗ್ನಲ್ ಕೊಡುವುದು ಹನ್ನೆರಡೂವರೆ ಸೆಕೆಂಡು. ಅಷ್ಟರಲ್ಲಿ ಅಜ್ಜಿ ನಡೆದಿರುವುದು 10 ಮೀಟರ್. ಉಳಿದ ಐದು ಮೀಟರ್‌ನಲ್ಲಿ ಹಾರ್ನ್ ಕೇಳಿಸಿಕೊಳ್ಳಬೇಕು, ಅಷ್ಟೇ!

ಸಿಂಗಪುರದವರು 2009ರಲ್ಲೇ ಇದಕ್ಕೊಂದು ದಾರಿ ಹುಡುಕಿದ್ದರು. ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ ಇನ್ನಷ್ಟು ಹೊತ್ತು ಉರಿಯುತ್ತದೆ. ರಸ್ತೆಯ ಅಗಲ ನೋಡಿಕೊಂಡು 3ರಿಂದ 13 ಸೆಕೆಂಡು ಜಾಸ್ತಿ. ಯಾರ ಕೈಯನ್ನೂ ಹಿಡಿಯಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಕೈಪಿಡಿ ತಂದಿತು. 33 ಊರುಗಳಲ್ಲಿ ಹಿರಿಯರನ್ನೇ ಕೂರಿಸಿಕೊಂಡು ಮಾತಾಡಿಸಿದ್ದರು. ನಮ್ಮ ದೆಹಲಿ, ಉದಯಪುರವೂ ಅದರಲ್ಲಿದ್ದವು. ಮಾತು ಬಿಪಿ, ಶುಗರ್‌ಗೆ ನಿಲ್ಲಲಿಲ್ಲ. ಫುಟ್‌ಪಾತ್, ಕೂರಲು ಜಾಗ, ಶೌಚಾಲಯ, ಬಸ್ಸಿನ ಎತ್ತರದ ಮೆಟ್ಟಿಲು ಎಲ್ಲ ಬಂದವು. ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಮಂಡಿ ನೋಯುವವರಿಗೆ ತಾನೇ ಗೊತ್ತು, ಬೆಂಚು ಎಲ್ಲಿ ಬೇಕು ಅಂತ! ನ್ಯೂಯಾರ್ಕಿನಲ್ಲಿ 2011ರಲ್ಲಿ ಶುರುವಾದ ಯೋಜನೆಯಲ್ಲಿ ‘ಇಲ್ಲೊಂದು ಬೆಂಚು ಹಾಕಿ’ ಅಂತ ಜನರೇ ಅರ್ಜಿ ಕೊಡಬಹುದಿತ್ತು. ನಮ್ಮಲ್ಲಾದರೆ ಬೆಂಚಿಗಿಂತ ಮೊದಲು ಅದರ ಬೆನ್ನಿನ ಮೇಲೆ ಯಾರ ಹೆಸರು ಅನ್ನುವುದು ತೀರ್ಮಾನವಾಗಬೇಕು, ಇರಲಿ.

ಸಂಶೋಧನೆ ಸಾಲದೆ ನಿಮಗೆ ಕಷ್ಟವಾಗಿಲ್ಲ, ಮೇಷ್ಟ್ರೇ. ಅದು ಸಿಗ್ನಲ್ ಪೆಟ್ಟಿಗೆಯ ತನಕ ಬಂದಿಲ್ಲ. ಸಂಜೆ ಮಗ ಬಂದಾಗ ಒಂದು ಕೆಲಸ ಮಾಡಿ. ನಿಮ್ಮ ರಸ್ತೆಯ ಅಗಲ ಎಷ್ಟು, ನಿಮಗೆ ದಾಟಲು ಎಷ್ಟು ಸೆಕೆಂಡು ಬೇಕು, ಹತ್ತಿರದ ಸಿಗ್ನಲ್ ಎಷ್ಟು ಕೊಡುತ್ತದೆ, ಬರೆದುಕೊಳ್ಳಿ. ಒಂದು ಪ್ರತಿ ಸಂಚಾರ ಪೊಲೀಸರಿಗೆ, ಒಂದು ನಮಗೆ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂ.