ಇರುವ ಜಿಲ್ಲೆಗಳನ್ನೇ ಸೇರಿಸುವುದು ಯಾಕೆ?

ಪ್ರಶ್ನೆ: ಜಿಲ್ಲೆ ಒಡೆದು ಹೊಸದು ಮಾಡುವುದು ಗೊತ್ತು. ಆದರೆ ಇರುವುದನ್ನೇ ಒಂದಕ್ಕೊಂದು ಸೇರಿಸುವುದು ಯಾಕೆ? ಹಳೆಯ ದಾಖಲೆಗಳ ಗತಿ ಏನು?

ಉತ್ತರ: ಹೆಚ್ಚಾಗಿ ದುಡ್ಡೇ ಕಾರಣ. ಜನ ಕಡಿಮೆಯಾದಂತೆ ತೆರಿಗೆ ಇಳಿಯುತ್ತದೆ, ಆದರೆ ಕಚೇರಿ, ಸಿಬ್ಬಂದಿ, ರಸ್ತೆಯ ಖರ್ಚು ಹಾಗೇ ಇರುತ್ತದೆ ಅಲ್ವಾ? ಡೆನ್ಮಾರ್ಕ್ 2007ರಲ್ಲಿ 13 ಕೌಂಟಿಗಳನ್ನು (ನಮ್ಮ ಜಿಲ್ಲೆಯಂಥವು) ತೆಗೆದು 5 ಪ್ರಾಂತ್ಯ ಮಾಡಿತು, 271 ಪುರಸಭೆಗಳನ್ನು 98ಕ್ಕೆ ಇಳಿಸಿತು. ಯಾವ ಪುರಸಭೆ ಯಾವುದರ ಜೊತೆ ಸೇರಬೇಕು ಅನ್ನುವುದನ್ನು ಮೊದಲು ಸ್ಥಳೀಯರಿಗೇ ಬಿಟ್ಟಿದ್ದರು, ನನಗೆ ಹಿಡಿಸಿದ್ದು ಅದೇ.

ಫ್ರಾನ್ಸಿನಲ್ಲಿ ಹಾಗಾಗಲಿಲ್ಲ. 2016ರಲ್ಲಿ ಯುರೋಪಿನೊಳಗಿನ ತನ್ನ 22 ಪ್ರಾಂತ್ಯಗಳನ್ನು ಅದು ಕಾನೂನಿನ ಮೂಲಕ 13 ಮಾಡಿತು. ಜರ್ಮನಿಯ ಗಡಿಯಲ್ಲಿರುವ ಅಲ್ಸಾಸ್, ಗ್ರಾಂಡ್ ಎಸ್ಟ್ ಎಂಬ ದೊಡ್ಡ ಪ್ರಾಂತ್ಯದೊಳಗೆ ಸೇರಿಹೋಯಿತು. ಜನ ಸುಮ್ನೆ ಕೂರಲಿಲ್ಲ, ಬೀದಿಗಿಳಿದರು. ಕೊನೆಗೆ 2021ರಲ್ಲಿ ಅಲ್ಲಿನ ಎರಡು ಜಿಲ್ಲಾಡಳಿತಗಳನ್ನು ಸೇರಿಸಿ, ಅಲ್ಸಾಸ್ ಹೆಸರಿನಲ್ಲೇ ಒಂದು ಆಡಳಿತ ಕೊಡಬೇಕಾಯಿತು. ಪ್ರಾಂತ್ಯ ಮಾತ್ರ ಗ್ರಾಂಡ್ ಎಸ್ಟೇ.

ದಾಖಲೆ ಹುಡುಕುವಾಗ ಈಗಿನ ಜಿಲ್ಲೆಯ ಹೆಸರು ಹಿಡಿದು ಹೋಗಬೇಡಿ. ಕಾಗದದ ಮೇಲಿನ ವರ್ಷ ನೋಡಿ, ಆ ವರ್ಷ ಊರು ಯಾವ ಜಿಲ್ಲೆಯಲ್ಲಿತ್ತು ಅಂತ ಮೊದಲು ತಿಳಿದುಕೊಳ್ಳಿ. ಜನಗಣತಿಯ ಅಂಕಿ ಹೋಲಿಸುವಾಗಲೂ ಅಷ್ಟೆ, ಜಿಲ್ಲೆಯ ಜನಸಂಖ್ಯೆ ದಿಢೀರನೆ ಏರಿದ್ದರೆ ಗಡಿ ಬದಲಾಗಿದೆಯಾ ನೋಡಿ.