ಸಿಂಗಪುರದ ಚೈನಾಟೌನ್ ಸುತ್ತಲು ಅರ್ಧ ದಿನವಷ್ಟೇ ಇದೆ. ನಡೆದೇ ನೋಡಬಹುದೇ?

ಧಾರಾಳವಾಗಿ. ಚೈನಾಟೌನ್ ಮೆಟ್ರೊ ನಿಲ್ದಾಣದಿಂದ ಹೊರಬಂದರೆ ಪಗೋಡ ಬೀದಿ. ಹೆಸರಿನಲ್ಲಿರುವ ‘ಪಗೋಡ’ ಚೀನೀಯರದಲ್ಲ. ಬೀದಿಯ ತುದಿಯಲ್ಲಿ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ಗುಡಿಯ ಗೋಪುರವೇ ಅದು! ಇಡೀ ಬಡಾವಣೆಗೆ ಚೀನೀಯರು ಇಟ್ಟ ಹೆಸರಿನ ಅರ್ಥ ‘ಎತ್ತಿನಗಾಡಿ ನೀರು’. ಒಂದು ಕಾಲಕ್ಕೆ ಇಲ್ಲಿಗೆ ನೀರು ಗಾಡಿಯಲ್ಲೇ ಬರುತ್ತಿತ್ತು.

ಹಳೆಯ ಅಂಗಡಿಸಾಲಿನ ಮುಂದೆ ನಮ್ಮ ಜಗಲಿಯಂಥ ಸೂರು ಉದ್ದಕ್ಕೂ ಇದೆ. ಅದರಡಿಯೇ ನಡೆಯಿರಿ, ಮಧ್ಯಾಹ್ನದ ಬಿಸಿಲು ಕಾಡುವುದಿಲ್ಲ. ಕೀಚೈನ್ ಅಂಗಡಿಗಳಲ್ಲಿ ಹೊತ್ತು ಕಳೆಯಬೇಡಿ.

ಉಳಿದ ಸಮಯವನ್ನೆಲ್ಲ ತೆಲೋಕ್ ಆಯರ್ ಬೀದಿಯ ಥಿಯಾನ್ ಹಾಕ್ ಕೆಂಗ್ ದೇವಾಲಯಕ್ಕೆ ಕೊಡಿ. ಈಗ ಸುತ್ತಲೂ ಗಗನಚುಂಬಿ ಕಟ್ಟಡಗಳು. ಆಗ ಎದುರಿಗೇ ಕಡಲು. ಹಡಗಿನಿಂದ ಇಳಿದವರು ಮೊದಲು ಇಲ್ಲಿಗೆ ಬಂದು, ದಡ ಮುಟ್ಟಿಸಿದ್ದಕ್ಕೆ ಕಡಲದೇವಿ ಮಾಜುವಿಗೆ ಕೈಮುಗಿಯುತ್ತಿದ್ದರು.