ಗಾಳಿ ಜೋರಾದರೆ ಹಾಯಿಯನ್ನು ಯಾಕೆ ಚಿಕ್ಕದು ಮಾಡುತ್ತಾರೆ?

ಸಮುದ್ರ ದಾಟುವಾಗ ಒಳ್ಳೆ ಗಾಳಿ ಸಿಕ್ಕರೆ ಹಾಯಿ ಪೂರ್ತಿ ಬಿಚ್ಚಬೇಕಲ್ವಾ, ಮಡಚುವುದು ಯಾಕೆ ಅಂತ ಕೇಳಿದ್ದೀರಿ. ನೀವೂ ಮಡಿಕೇರಿಯವರಂತೆ. ಜುಲೈ ಮಳೆಯಲ್ಲಿ ರಾಜಾಸೀಟ್ ಹತ್ತಿರ ಕೊಡೆ ಬಿಚ್ಚಿ ನೋಡಿ, ಉತ್ತರ ಕೈಗೇ ಗೊತ್ತಾಗುತ್ತದೆ.

ಗಾಳಿ 10 ನಾಟ್‌ನಿಂದ (ನಾಟ್ ಅಂದರೆ ಸಮುದ್ರದಲ್ಲಿ ವೇಗ ಅಳೆಯುವ ಮಾನ, ಗಂಟೆಗೆ ಸುಮಾರು 1.85 ಕಿ.ಮೀ.) 20ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ದೋಣಿ ಒಂದು ಕಡೆಗೆ ಜಾಸ್ತಿ ವಾಲುತ್ತದೆ. ಚುಕ್ಕಾಣಿ ಹಿಡಿದವರ ತೋಳು ಸೋಲುತ್ತದೆ, ದೋಣಿಯ ಮೂತಿ ಗಾಳಿಯ ಕಡೆಗೇ ತಿರುಗಲು ನೋಡುತ್ತದೆ. ಆಗ ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಿ, ಕೆಳಗಿನ ಭಾಗವನ್ನು ಹಾಯಿಯ ಬುಡದಲ್ಲಿರುವ ಅಡ್ಡಕಂಬಕ್ಕೆ ಬಿಗಿಯುತ್ತಾರೆ. ತಮಾಷೆ ಅಂದರೆ, ವೇಗ ಅಷ್ಟೇನೂ ಇಳಿಯುವುದಿಲ್ಲ. ನೆಟ್ಟಗಾದ ದೋಣಿ ಕೆಲವೊಮ್ಮೆ ಇನ್ನೂ ಚುರುಕಾಗಿ ಓಡುತ್ತದೆ.

ಗಾಳಿ ಬೆನ್ನಿಗಿದ್ದಾಗ ಮಾತ್ರ ಹುಷಾರು. 20 ನಾಟ್ ಗಾಳಿಯಲ್ಲಿ ದೋಣಿ 7 ನಾಟ್ ಓಡುತ್ತಿದ್ದರೆ ಮೈಗೆ ತಾಗುವುದು ಬರೀ 13. ದೋಣಿಯನ್ನು ಗಾಳಿಯ ಕಡೆಗೆ ತಿರುಗಿಸಿದಾಗಲೇ ಗಾಳಿಯ ನಿಜವಾದ ಹೊಡೆತ ಗೊತ್ತಾಗುವುದು.